ಸಾಲ ಕೈಮೀರಿದಾಗ ಹಣದ ಜೋಪಾನ



ಮಳೆ ಕೈಕೊಟ್ಟು ಬೆಲೆಯೂ ಬಿದ್ದ ವರ್ಷ ಬ್ಯಾಂಕಿನ ಸಾಲ, ಸೊಸೈಟಿ ಸಾಲ, ಗೊಬ್ಬರದಂಗಡಿಯ ಉದ್ರಿ, ಕೈಸಾಲ ಎಲ್ಲವೂ ಒಟ್ಟಿಗೇ ಬಾಗಿಲಿಗೆ ಬರುತ್ತವೆ. ಆಗ ಹೆಚ್ಚಿನವರು ಮಾಡುವ ತಪ್ಪು ಎರಡು: ಯಾರು ಜೋರು ಮಾಡುತ್ತಾರೋ ಅವರಿಗೆ ಮೊದಲು ಕೊಡುವುದು, ಬ್ಯಾಂಕಿನ ಬೀದಿಯಲ್ಲಿ ಓಡಾಡುವುದನ್ನೇ ಬಿಡುವುದು. ಪಾಪರ್ ಆದರೆ ಮಡಕೆ ಕುಡಿಕೆಯೂ ಹೋಗುತ್ತದೆಂಬ ಹೆದರಿಕೆ ಇದಕ್ಕೆ ಕಾರಣ. ಕಾಯಿದೆ ಹಾಗೆ ಹೇಳುವುದಿಲ್ಲ. ಬದುಕಲು ಬೇಕಾದಷ್ಟನ್ನು ಅದು ನಿಮಗೇ ಬಿಡುತ್ತದೆ. ಮುಚ್ಚಿಟ್ಟವನನ್ನು ಮಾತ್ರ ಸುಮ್ಮನೆ ಬಿಡುವುದಿಲ್ಲ.

ಮೊದಲು ಪಟ್ಟಿ ಮಾಡಿ

ಮನೆಯವರನ್ನೂ ಕೂರಿಸಿಕೊಂಡು ಒಂದು ನೋಟ್ ಪುಸ್ತಕದಲ್ಲಿ ಬರೆಯಿರಿ: ಯಾರಿಗೆ ಕೊಡಬೇಕು, ಅಸಲು ಎಷ್ಟು, ಬಡ್ಡಿ ಎಷ್ಟು, ಅಡವು ಏನು, ಜಾಮೀನು ಯಾರು. ನೂರಕ್ಕೆ ತಿಂಗಳಿಗೆ 3 ರೂಪಾಯಿ ಬಡ್ಡಿ ಎಂದರೆ ಕಿವಿಗೆ ಸಣ್ಣದು. ವರ್ಷಕ್ಕೆ ಅದು ಶೇಕಡಾ 36 ಆಯಿತು. 50,000 ರೂ. ಕೈಸಾಲಕ್ಕೆ ಬಡ್ಡಿಯೊಂದೇ ವರ್ಷಕ್ಕೆ 18,000 ರೂ. ಇನ್ನೊಂದು ಪುಟದಲ್ಲಿ ದವಸ, ಔಷಧಿ, ಮಕ್ಕಳ ಶಾಲೆ, ದನದ ಮೇವು, ಬಿತ್ತನೆ ಬೀಜ ಇವುಗಳ ಖರ್ಚು ಬರೆಯಿರಿ. ಅಷ್ಟನ್ನು ಮೊದಲು ತೆಗೆದಿಟ್ಟು, ಉಳಿದದ್ದು ಎಷ್ಟೆಂದು ನೋಡಿದರೆ ಮುಂದಿನ ದಾರಿ ತಿಳಿಯುತ್ತದೆ.

ಖಾತೆ ಮತ್ತು ಚೆಕ್ಕು

ಸಾಲವಿರುವ ಬ್ಯಾಂಕಿನಲ್ಲೇ ನಿಮ್ಮ ಉಳಿತಾಯ ಖಾತೆಯೂ ಇದ್ದರೆ, ವಾಯಿದೆ ಮೀರಿದ ಸಾಲಕ್ಕೆ ಆ ಖಾತೆಯ ಹಣವನ್ನು ಬ್ಯಾಂಕು ಜಮಾ ಮಾಡಿಕೊಳ್ಳಬಹುದು. ಸಂತೆಗೆಂದು ಇಟ್ಟ ಹಣ ಹೀಗೆ ಹೋಗುವುದುಂಟು. ಆದ್ದರಿಂದ ಕೂಲಿ, ಹಾಲಿನ ಹಣ, ಪಿಂಚಣಿ ಬಂದು ಸೇರಲು ಸಾಲವಿಲ್ಲದ ಬೇರೊಂದು ಬ್ಯಾಂಕಿನಲ್ಲಿ ಮೂಲ ಉಳಿತಾಯ ಖಾತೆ ತೆರೆಯಿರಿ. ಅದರಲ್ಲಿ ಇಂತಿಷ್ಟು ಹಣ ಉಳಿಸಲೇಬೇಕೆಂಬ ನಿಯಮವಿಲ್ಲ. ಆದರೆ ಇದು ಗುಟ್ಟಿನ ಖಾತೆಯಲ್ಲ; ನ್ಯಾಯಾಲಯ ಕೇಳಿದಾಗ ತೋರಿಸಬೇಕು. ಬೆಳೆಯ ಆಧಾರದ ಮೇಲೆ ತೆಗೆದ ಸಾಲವಿದ್ದರೆ ಆ ಬೆಳೆಯ ಹಣವನ್ನು ಇತ್ತ ತಿರುಗಿಸಬಾರದು.

ಸಹಿ ಹಾಕಿದ ಖಾಲಿ ಚೆಕ್ಕನ್ನು ಯಾರ ಕೈಗೂ ಕೊಡಬೇಡಿ. ಹಣವಿಲ್ಲದೆ ಚೆಕ್ಕು ಹಿಂದಿರುಗಿ, ನೋಟೀಸು ತಲುಪಿದ 15 ದಿನಗಳಲ್ಲಿ ಹಣ ಕೊಡದಿದ್ದರೆ 2 ವರ್ಷದವರೆಗೆ ಜೈಲು, ಚೆಕ್ಕಿನ ಮೊತ್ತದ ಎರಡರಷ್ಟರವರೆಗೆ ದಂಡ, ಇಲ್ಲವೆ ಎರಡೂ ಆಗಬಹುದು.

ವಾಯಿದೆ ಮುಗಿಯುವ ಮೊದಲೇ ಮ್ಯಾನೇಜರರನ್ನು ಕಾಣಿರಿ. ಕಂತು ಮುಂದೂಡಲು ಬರವಣಿಗೆಯಲ್ಲಿ ಅರ್ಜಿ ಕೊಟ್ಟು, ನಕಲಿನ ಮೇಲೆ ಬ್ಯಾಂಕಿನ ಮೊಹರು ಹಾಕಿಸಿಕೊಳ್ಳಿ.

ಜಪ್ತಿಗೆ ಬಾರದವು

ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಮು ಕೆಲವನ್ನು ಜಪ್ತಿಯಿಂದ ಹೊರಗಿಟ್ಟಿದೆ: ಉಡುವ ಬಟ್ಟೆ, ಅಡುಗೆ ಪಾತ್ರೆ, ಹಾಸಿಗೆ, ಧರ್ಮದ ರೂಢಿಯಂತೆ ಹೆಂಗಸು ತೆಗೆಯಬಾರದ ಒಡವೆ, ಬೇಸಾಯದ ಉಪಕರಣ, ಜೀವನಕ್ಕೆ ಅಗತ್ಯವೆಂದು ನ್ಯಾಯಾಲಯಕ್ಕೆ ತೋರಿದಷ್ಟು ದನ, ಬಿತ್ತನೆ ಬೀಜ, ಬೇಸಾಯಗಾರ ತಾನೇ ವಾಸವಿರುವ ಮನೆ, ಕೂಲಿಯ ಹಣ. ಆದರೆ ಮನೆಯನ್ನೇ ಅಡವಿಟ್ಟು ಸಾಲ ತಂದಿದ್ದರೆ ಆ ಸಾಲಕ್ಕೆ ಈ ರಕ್ಷಣೆ ನಿಲ್ಲದು. ಮನೆ ಪತ್ರ ಕೊಡುವ ಮುನ್ನ ಹತ್ತು ಸಲ ಯೋಚಿಸಿ.

ದಿವಾಳಿ ಅರ್ಜಿ

ಯಾವ ದಾರಿಯೂ ಉಳಿಯದಿದ್ದರೆ 1920ರ ಪ್ರಾಂತೀಯ ದಿವಾಳಿ ಕಾಯಿದೆಯಂತೆ ನ್ಯಾಯಾಲಯಕ್ಕೆ ಅರ್ಜಿ ಹಾಕಬಹುದು. ಸಾಲ 500 ರೂಪಾಯಿಗೆ ಕಡಿಮೆಯಿರಬಾರದು, ತೀರಿಸುವ ಶಕ್ತಿ ಇರಬಾರದು. ದಿವಾಳಿ ಎಂದು ತೀರ್ಪಾದರೆ ನಿಮ್ಮ ಆಸ್ತಿ, ಖಾತೆಯ ಹಣ ಸಹಿತ, ನ್ಯಾಯಾಲಯದ ಇಲ್ಲವೆ ಅದು ನೇಮಿಸಿದ ರಿಸೀವರರ ವಶಕ್ಕೆ ಹೋಗುತ್ತದೆ. ಜಪ್ತಿಗೆ ಬಾರದವು ನಿಮ್ಮಲ್ಲೇ ಉಳಿಯುತ್ತವೆ.

ಇಲ್ಲಿ ಜಾಣತನ ನಡೆಯದು. ಅರ್ಜಿಗೆ ಹಿಂದಿನ 2 ವರ್ಷದೊಳಗೆ ಜಮೀನನ್ನು ಭಾವಮೈದುನನ ಹೆಸರಿಗೆ ಸುಮ್ಮನೆ ಬರೆದುಕೊಟ್ಟಿದ್ದರೆ ಅದನ್ನು ರದ್ದು ಮಾಡಬಹುದು. 3 ತಿಂಗಳೊಳಗೆ ಬೇಕಾದವರೊಬ್ಬರಿಗೇ ಅನುಕೂಲವಾಗಲೆಂದು ಸಾಲ ತೀರಿಸಿದ್ದರೆ ಅದೂ ನಿಲ್ಲದು. ದಿವಾಳಿಯಿಂದ ಬಿಡುಗಡೆ ಆಗುವ ಮೊದಲು, ಆ ಸಂಗತಿ ತಿಳಿಸದೆ 50 ರೂಪಾಯಿ ಇಲ್ಲವೆ ಹೆಚ್ಚು ಸಾಲ ಪಡೆದರೆ 6 ತಿಂಗಳವರೆಗೆ ಸಜೆಯುಂಟು. ನಿಮಗೆ ಬಿಡುಗಡೆಯಾದರೂ ಜಾಮೀನು ನಿಂತ ನೆರೆಯವನಿಗೆ ಆಗುವುದಿಲ್ಲ. ಅವನಿಗೆ ಮೊದಲೇ ವಿಷಯ ತಿಳಿಸುವುದು ನಿಮ್ಮ ಧರ್ಮ.

ವಕೀಲರ ಫೀಜಿಗೆ ಹಣವಿಲ್ಲವೆಂದು ಸುಮ್ಮನಿರಬೇಡಿ. ತಾಲ್ಲೂಕು ನ್ಯಾಯಾಲಯದ ಕಾನೂನು ಸೇವಾ ಸಮಿತಿಯಲ್ಲಿ ಹೆಂಗಸರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಕಡಿಮೆ ವರಮಾನದವರಿಗೆ ಉಚಿತ ನೆರವು ಸಿಗುತ್ತದೆ. ಫೋನಿನಲ್ಲಾದರೆ 15100ಕ್ಕೆ ಕೇಳಿ.

ಸಾಲ ಮಾಡಿದ್ದು ಅಪರಾಧವಲ್ಲ. ಬೆಳೆ ಹೋದರೆ ಮುಂದಿನ ಮಳೆಗೆ ಬಿತ್ತಬಹುದು. ಬಿತ್ತುವ ಕೈ ಉಳಿಯಬೇಕು. ಇಂದು ರಾತ್ರಿ ಊಟವಾದ ಮೇಲೆ ಆ ನೋಟ್ ಪುಸ್ತಕ ತೆರೆಯಿರಿ. ನಾಳೆ ಬೆಳಿಗ್ಗೆ ಅದನ್ನು ಹಿಡಿದುಕೊಂಡೇ ಬ್ಯಾಂಕಿಗೆ ಹೋಗಿ.