ಹಾಲು, ಗೊಬ್ಬರ ಸಾಗಿಸುವ ಮೋಪೆಡ್: ಎಂಜಿನ್ ಆಯ್ಕೆ ಮತ್ತು ಪೆಟ್ರೋಲ್ ಉಳಿತಾಯ

ರೈತ ಬಾಂಧವರು ಬೇಸಾಯದ ಖರ್ಚನ್ನು ಲೆಕ್ಕ ಹಾಕುವಾಗ ಬೀಜ, ಗೊಬ್ಬರ, ಔಷಧಿ, ಕೂಲಿ ಇವೆಲ್ಲವನ್ನೂ ಬರೆದಿಡುತ್ತಾರೆ. ಆದರೆ ಹಾಲನ್ನು ಡೈರಿಗೆ ಒಯ್ಯಲು, ಸೊಸೈಟಿಯಿಂದ ಗೊಬ್ಬರ ತರಲು, ಸೊಪ್ಪು ತರಕಾರಿಯನ್ನು ಸಂತೆಗೆ ಸಾಗಿಸಲು ತಗಲುವ ಪೆಟ್ರೋಲ್ ಈ ಲೆಕ್ಕದಲ್ಲಿ ಸೇರುವುದು ಅಪರೂಪ. ದಿನಕ್ಕೆ ಅರ್ಧ ಲೀಟರಿನಂತೆ ಹೋದರೂ ವರ್ಷಕ್ಕೆ 180 ಲೀಟರಿಗಿಂತ ಹೆಚ್ಚಾಗುತ್ತದೆ. ಗಾಡಿಯನ್ನು ಕೊಳ್ಳುವಾಗ ಮತ್ತು ಬಳಸುವಾಗ ಕೆಲವು ವಿಷಯಗಳನ್ನು ತಿಳಿದಿದ್ದರೆ ಇದರಲ್ಲಿ ಗಣನೀಯ ಉಳಿತಾಯ ಸಾಧ್ಯ.

ಎರಡು ಸ್ಟ್ರೋಕ್ ಎಂಜಿನ್

ನಮ್ಮ ದೇಶದಲ್ಲಿ ಮೋಪೆಡ್ ಜನಪ್ರಿಯವಾದದ್ದು 1972ರಲ್ಲಿ ಬಂದ ಲೂನಾದಿಂದ. ತುಳಿದು ಚಾಲೂ ಮಾಡುವ ಪೆಡಲ್, 50 ಘನ ಸೆಂ.ಮೀ. ಎಂಜಿನ್ ಇದ್ದ ಅದು ನಿಜಕ್ಕೂ ಎಂಜಿನ್ ಕೂಡಿಸಿದ ಸೈಕಲ್ಲೇ ಆಗಿತ್ತು. ಬೆಂಗಳೂರಿಗೆ ಸಮೀಪದ ಹೊಸೂರಿನಲ್ಲಿ 1980ರಿಂದ ತಯಾರಾದ ಟಿ.ವಿ.ಎಸ್. 50 ಇಬ್ಬರು ಕೂರಬಹುದಾದ ಮೋಪೆಡ್. ಇವೆಲ್ಲವೂ ಎರಡು ಸ್ಟ್ರೋಕಿನವು.

ಈ ಎಂಜಿನ್ನಿನ ರಚನೆ ಸರಳ, ತೂಕ ಕಡಿಮೆ, ರಿಪೇರಿ ಸುಲಭ. ಆದರೆ ದೋಷವೂ ಆ ಸರಳತೆಯಲ್ಲೇ ಇದೆ. ಸುಟ್ಟ ಹೊಗೆ ಹೊರಹೋಗುವ ದಾರಿ ಇನ್ನೂ ತೆರೆದಿರುವಾಗಲೇ ಹೊಸ ಪೆಟ್ರೋಲ್ ಮಿಶ್ರಣ ಸಿಲಿಂಡರಿನ ಒಳಗೆ ನುಗ್ಗುತ್ತದೆ. ಅದರಲ್ಲಿ ಒಂದು ಪಾಲು ಉರಿಯದೆಯೇ ಹೊಗೆಯೊಡನೆ ಸೈಲೆನ್ಸರಿನಿಂದ ಹೊರಟುಹೋಗುತ್ತದೆ. ಕಾರ್ಬುರೇಟರ್ ಇರುವ ಎಂಜಿನ್ನಿನಲ್ಲಿ ಈ ನಷ್ಟ ಕಾಲುಭಾಗಕ್ಕೂ ಮೀರಬಹುದು. ಬದು ಸರಿಯಿಲ್ಲದ ಗದ್ದೆಗೆ ನೀರು ಹಾಯಿಸಿದಂತೆಯೇ ಇದು. ಜೊತೆಗೆ ಪೆಟ್ರೋಲಿಗೆ ಎಣ್ಣೆಯನ್ನೂ ಬೆರೆಸಬೇಕು.

ನಾಲ್ಕು ಸ್ಟ್ರೋಕ್ ಎಂಜಿನ್

ಇದರಲ್ಲಿ ಒಳಬರುವ ಮತ್ತು ಹೊರಹೋಗುವ ದಾರಿಗಳಿಗೆ ಪ್ರತ್ಯೇಕ ವಾಲ್ವುಗಳಿವೆ. ಆದ್ದರಿಂದ ಹಸಿ ಪೆಟ್ರೋಲ್ ಸೋರಿಹೋಗುವುದು ತೀರ ಕಡಿಮೆ. ಎಣ್ಣೆ ಬೇರೆಯಾಗಿಯೇ ಇರುತ್ತದೆ. 2015ರಲ್ಲಿ ಸುಮಾರು 100 ಘನ ಸೆಂ.ಮೀ. ಗಾತ್ರದ ನಾಲ್ಕು ಸ್ಟ್ರೋಕ್ ಮೋಪೆಡ್ ಮಾರುಕಟ್ಟೆಗೆ ಬಂದಿತು. 2020ರ ಏಪ್ರಿಲ್‌ನಿಂದ ಬಿ.ಎಸ್. 6 ನಿಯಮ ಜಾರಿಯಾದ ಮೇಲೆ ಕಾರ್ಬುರೇಟರಿನ ಬದಲು ಪೆಟ್ರೋಲನ್ನು ಅಳೆದು ಚಿಮ್ಮಿಸುವ ಇಂಜೆಕ್ಷನ್ ವ್ಯವಸ್ಥೆಯೂ ಸೇರಿದೆ. ಗಾತ್ರ ದೊಡ್ಡದಾದರೆ ಪೆಟ್ರೋಲ್ ಹೆಚ್ಚು ಕುಡಿಯುತ್ತದೆಂಬ ನಂಬಿಕೆ ಇಲ್ಲಿ ನಿಜವಲ್ಲ. ಸಣ್ಣ ಎಂಜಿನ್ ಭಾರ ಹೊತ್ತು ಏದುಸಿರು ಬಿಡುವುದಕ್ಕಿಂತ ತಕ್ಕ ಗಾತ್ರದ ಎಂಜಿನ್ ನಿಧಾನವಾಗಿ ಎಳೆಯುವುದೇ ಮಿತವ್ಯಯ.

ಸೈಕಲ್ಲಿಗೆ ಎಂಜಿನ್ ಕೂಡಿಸುವುದು

ಕಳೆ ಕೊಚ್ಚುವ ಯಂತ್ರದ ಅಥವಾ ಔಷಧಿ ಸಿಂಪಡಿಸುವ ಪಂಪಿನ ಎಂಜಿನ್ನನ್ನು ಸೈಕಲ್ಲಿಗೆ ಜೋಡಿಸಿ ಓಡಿಸುವ ಪ್ರಯತ್ನಗಳು ಅಲ್ಲಲ್ಲಿ ನಡೆಯುತ್ತವೆ. ಮೇಲ್ನೋಟಕ್ಕೆ ಅಗ್ಗವಾಗಿ ಕಂಡರೂ ಇದನ್ನು ಶಿಫಾರಸು ಮಾಡಲಾಗದು. ವೇಗ ಎರಡು ಪಟ್ಟಾದರೆ ಬ್ರೇಕಿನ ಮೇಲೆ ಬೀಳುವ ಹೊರೆ ನಾಲ್ಕು ಪಟ್ಟಾಗುತ್ತದೆ. ತುಳಿಯುವ ವೇಗಕ್ಕೆಂದು ಮಾಡಿದ ರಬ್ಬರ್ ಬ್ರೇಕು, ಕಡ್ಡಿಗಳು ಮತ್ತು ಮುಂದಿನ ಫೋರ್ಕು ಹಾಲಿನ ಕ್ಯಾನುಗಳ ಭಾರದೊಡನೆ ಇದನ್ನು ತಡೆಯಲಾರವು.

ಕಾನೂನನ್ನೂ ಗಮನಿಸಬೇಕು. 1988ರ ಮೋಟಾರು ವಾಹನ ಕಾಯಿದೆಯಂತೆ 25 ಘನ ಸೆಂ.ಮೀ. ಮೀರಿದ ಎಂಜಿನ್ ಇದ್ದರೆ ಅದು ಮೋಟಾರು ವಾಹನ; ನೋಂದಣಿ, ವಿಮೆ, ಲೈಸೆನ್ಸ್ ಎಲ್ಲವೂ ಬೇಕು. ವಿಮೆ ಇಲ್ಲದ ಗಾಡಿಯಿಂದ ಅಪಘಾತವಾದರೆ ಪರಿಹಾರದ ಹೊರೆ ನೇರವಾಗಿ ಕುಟುಂಬದ ಮೇಲೆ, ಕೊನೆಗೆ ಜಮೀನಿನ ಮೇಲೆ ಬೀಳುತ್ತದೆ. 50 ಘನ ಸೆಂ.ಮೀ. ಮೀರಿದ ಮೋಪೆಡ್ ಓಡಿಸಲು 18 ವರ್ಷ ತುಂಬಿರಬೇಕು. ಶಾಲೆಗೆ ಹೋಗುವ ಮಗನ ಕೈಯಲ್ಲಿ ಬೆಳಗಿನ ಹಾಲು ಕಳುಹಿಸುವ ಮನೆಯವರು ಇದನ್ನು ಮರೆಯಬಾರದು. 2019ರ ತಿದ್ದುಪಡಿಯ ಪ್ರಕಾರ ತಂದೆತಾಯಿಯರು ಮತ್ತು ಗಾಡಿಯ ಮಾಲೀಕರೇ ಹೊಣೆಗಾರರು.

ವಿದ್ಯುತ್ ಮೋಟಾರು

250 ವ್ಯಾಟಿಗಿಂತ ಕಡಿಮೆ ಶಕ್ತಿಯ ಮೋಟಾರಿದ್ದು, ವೇಗ ಗಂಟೆಗೆ 25 ಕಿ.ಮೀ. ಮೀರದ, ನಿಯಮಕ್ಕೆ ಒಳಪಟ್ಟು ತಯಾರಾದ ಸೈಕಲ್ಲಿಗೆ ನೋಂದಣಿ ಬೇಕಿಲ್ಲ. ಹೊಲ ನೋಡಿಬರಲು, ಬುತ್ತಿ ಒಯ್ಯಲು ಇದು ಸಾಕು. ಭಾರ ಹೊರಲು ಅಲ್ಲ. ಭಾರಕ್ಕೆ ಸುಮಾರು 2 ಕಿಲೋವ್ಯಾಟ್-ಗಂಟೆ, ಅಂದರೆ 2 ಯೂನಿಟ್, ಸಾಮರ್ಥ್ಯದ ಬ್ಯಾಟರಿಯುಳ್ಳ ವಿದ್ಯುತ್ ಮೋಪೆಡ್‌ಗಳು ಬಂದಿವೆ. 2024ರಲ್ಲಿ ಲೂನಾ ಹೆಸರಿನ ಗಾಡಿಯೇ ವಿದ್ಯುತ್ ರೂಪದಲ್ಲಿ ಮರಳಿ ಬಂದಿತು.

ಲೆಕ್ಕ ಹಾಕಿ ನೋಡಿ

ಡೈರಿ 6 ಕಿ.ಮೀ. ದೂರವಿದ್ದು ದಿನಕ್ಕೆರಡು ಬಾರಿ ಹೋಗಿಬಂದರೆ ತಿಂಗಳಿಗೆ 720 ಕಿ.ಮೀ. ಆಗುತ್ತದೆ. ಹಳೆಯ ಎರಡು ಸ್ಟ್ರೋಕ್ ಗಾಡಿ ಭಾರದೊಡನೆ ಲೀಟರಿಗೆ 40 ಕಿ.ಮೀ., ನಾಲ್ಕು ಸ್ಟ್ರೋಕಿನದು 60 ಕಿ.ಮೀ. ಕೊಡುತ್ತದೆಂದು ಹಿಡಿಯೋಣ. ಮೊದಲನೆಯದಕ್ಕೆ 18 ಲೀಟರ್, ಎರಡನೆಯದಕ್ಕೆ 12 ಲೀಟರ್ ಬೇಕು. ಲೀಟರಿಗೆ 100 ರೂ. ಎಂದರೆ ತಿಂಗಳಿಗೆ 600 ರೂ. ವ್ಯತ್ಯಾಸ, ಎಣ್ಣೆಯ ಖರ್ಚು ಬೇರೆ.

ವಿದ್ಯುತ್ ಗಾಡಿಗೆ 100 ಕಿ.ಮೀ.ಗೆ 3 ಯೂನಿಟ್ ಎಂದರೆ ತಿಂಗಳಿಗೆ ಸುಮಾರು 22 ಯೂನಿಟ್. ಯೂನಿಟ್ಟಿಗೆ 7 ರೂ. ದರದಲ್ಲಿ 154 ರೂ. ಆಗುತ್ತದೆ. ಆದರೆ ಇಲ್ಲಿಗೇ ಲೆಕ್ಕ ನಿಲ್ಲಿಸಬಾರದು. ಬ್ಯಾಟರಿಯ ಬೆಲೆ 36,000 ರೂ., ಬಾಳಿಕೆ 5 ವರ್ಷ ಎಂದಿಟ್ಟುಕೊಂಡರೆ ತಿಂಗಳಿಗೆ 600 ರೂ. ಸವಕಳಿ ಸೇರಿಸಬೇಕು. ಆಗ ಒಟ್ಟು 754 ರೂ.; ನಾಲ್ಕು ಸ್ಟ್ರೋಕಿನ 1,200 ರೂ.ಗಿಂತ ಇನ್ನೂ ಕಡಿಮೆಯೇ. ಆದರೆ ದಿನದ ಓಡಾಟ 6 ಕಿ.ಮೀ. ಮಾತ್ರ ಇರುವವರಿಗೆ ಪೆಟ್ರೋಲ್ ಖರ್ಚು ಬರೀ 300 ರೂ.; ಬ್ಯಾಟರಿಯ ಸವಕಳಿಯೊಂದೇ ಅದರ ಎರಡು ಪಟ್ಟು. ಓಡಾಟ ಹೆಚ್ಚಿದ್ದವರಿಗೆ ಬ್ಯಾಟರಿ ಲಾಭ, ಕಡಿಮೆ ಇದ್ದವರಿಗೆ ಅಲ್ಲ. ನಿಮ್ಮ ಊರಿನ ದರಗಳನ್ನು ಹಾಕಿ ಈ ಲೆಕ್ಕವನ್ನು ನೀವೇ ಮಾಡಿಕೊಳ್ಳಿ.

ಇರುವ ಗಾಡಿಯಲ್ಲೇ ಉಳಿತಾಯ

1. ವೇಗ: ಗಂಟೆಗೆ 30 ಕಿ.ಮೀ.ಯಿಂದ 50 ಕಿ.ಮೀ.ಗೆ ಹೋದರೆ ಗಾಳಿಯ ತಡೆ ಎರಡೂವರೆ ಪಟ್ಟಿಗೂ ಹೆಚ್ಚಾಗುತ್ತದೆ. 35ರಿಂದ 40ರೊಳಗೆ ಸಮವೇಗದಲ್ಲಿ ಹೋಗುವುದು ಉತ್ತಮ.

2. ಭಾರ: ತಯಾರಕರು ಹೇಳುವ ಮಿತಿ ಸಾಮಾನ್ಯವಾಗಿ 130ರಿಂದ 150 ಕಿ.ಗ್ರಾಂ.; ಇದರಲ್ಲಿ ಸವಾರನ ತೂಕವೂ ಸೇರಿದೆ. 45 ಕಿ.ಗ್ರಾಂ.ನ ಎರಡು ಯೂರಿಯಾ ಚೀಲ ಮತ್ತು 65 ಕಿ.ಗ್ರಾಂ. ತೂಗುವ ಸವಾರ ಸೇರಿದರೆ 155 ಆಗಿ ಮಿತಿ ದಾಟುತ್ತದೆ. ಎರಡು ಸಲ ಹೋಗಿಬರುವುದೇ ಕ್ಷೇಮ.

3. ಏರು: ಗಾಡಿ, ಸವಾರ, ಸರಕು ಸೇರಿ 200 ಕಿ.ಗ್ರಾಂ. ಇದ್ದರೆ ನೂರು ಅಡಿಗೆ ಐದು ಅಡಿ ಏರುವ ದಾರಿಯಲ್ಲಿ 10 ಕಿ.ಗ್ರಾಂ.ನಷ್ಟು ಹೆಚ್ಚುವರಿ ಎಳೆತ ಬೇಕು. ಸ್ವಲ್ಪ ಸುತ್ತಾದರೂ ಸಮತಟ್ಟಾದ ದಾರಿಯಿದ್ದರೆ ಭಾರವಿರುವಾಗ ಅದನ್ನೇ ಹಿಡಿಯಿರಿ.

4. ಟೈರು: ವಾರಕ್ಕೊಮ್ಮೆ ಗಾಳಿ ಪರೀಕ್ಷಿಸಿ. ಗಾಳಿ ಕಡಿಮೆಯಾದ ಟೈರು ಪೆಟ್ರೋಲನ್ನೂ ತಿನ್ನುತ್ತದೆ, ತಾನೂ ಸವೆಯುತ್ತದೆ.

5. ನಿರ್ವಹಣೆ: ಹಳ್ಳಿಯ ದೂಳಿನಲ್ಲಿ ಏರ್ ಫಿಲ್ಟರ್ ಬೇಗ ಕಟ್ಟಿಕೊಳ್ಳುತ್ತದೆ; ಪದೇ ಪದೇ ನೋಡಿಸಿ. ಚಕ್ರ ಎತ್ತಿ ಕೈಯಿಂದ ತಿರುಗಿಸಿದರೆ ಬ್ರೇಕು ಹಿಡಿಯದೆ ಸಲೀಸಾಗಿ ತಿರುಗಬೇಕು. ಎರಡು ಸ್ಟ್ರೋಕ್ ಗಾಡಿಗೆ ಕೈಪಿಡಿಯಲ್ಲಿ ಹೇಳಿದಷ್ಟೇ ಎಣ್ಣೆ ಬೆರೆಸಿ. 50 ಪಾಲಿಗೆ 1 ಎಂದಿದ್ದರೆ ಲೀಟರಿಗೆ 20 ಮಿ.ಲೀ. ಹೆಚ್ಚು ಎಣ್ಣೆ ಹಾಕಿದರೆ ಹೊಗೆ ಹೆಚ್ಚಿ ಸೈಲೆನ್ಸರಿನಲ್ಲಿ ಮಸಿ ಕಟ್ಟುತ್ತದೆ.

6. ಎಥನಾಲ್: ಈಗಿನ ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥನಾಲ್ ಇರುತ್ತದೆ. ನಮ್ಮ ಕಬ್ಬು ಬೆಳೆಗಾರರಿಗೆ ಇದರಿಂದ ಅನುಕೂಲವಿದೆ. ಆದರೆ ಎಥನಾಲಿನ ಶಾಖಶಕ್ತಿ ಪೆಟ್ರೋಲಿಗಿಂತ ಸುಮಾರು ಮೂರನೆಯ ಒಂದು ಪಾಲು ಕಡಿಮೆಯಾದ್ದರಿಂದ ಮೈಲೇಜು ಸ್ವಲ್ಪ ಇಳಿಯುವುದು ಸಹಜ. ಎಥನಾಲ್ ನೀರನ್ನು ಹೀರಿಕೊಳ್ಳುತ್ತದೆ. ಟ್ಯಾಂಕಿಗೆ ಮಳೆನೀರು ಸೇರದಂತೆ ನೋಡಿಕೊಳ್ಳಿ. ಹಳೆಯ ಗಾಡಿಯ ರಬ್ಬರ್ ಪೈಪುಗಳನ್ನು ಆಗಾಗ ಪರೀಕ್ಷಿಸಿ.

ಮೈಲೇಜು ಅಳೆಯುವ ವಿಧಾನ

ಟ್ಯಾಂಕ್ ತುಂಬಿಸಿ ಮೀಟರಿನ ಅಂಕಿ ಬರೆದುಕೊಳ್ಳಿ. ಎಂದಿನಂತೆ 150 ಕಿ.ಮೀ.ಯಾದರೂ ಓಡಿಸಿ, ಅದೇ ಮಟ್ಟಕ್ಕೆ ಮತ್ತೆ ತುಂಬಿಸಿ. ಓಡಿದ ಕಿ.ಮೀ.ಯನ್ನು ಹಾಕಿಸಿದ ಲೀಟರಿನಿಂದ ಭಾಗಿಸಿದರೆ ನಿಜವಾದ ಮೈಲೇಜು ಸಿಗುತ್ತದೆ. ಜಾಹೀರಾತಿನ ಅಂಕಿ ಭಾರವಿಲ್ಲದ ಒಳ್ಳೆಯ ರಸ್ತೆಯದು. ನಿಮ್ಮ ಅಂಕಿ ನಿಮ್ಮ ದಾರಿಯದು. ತಿಂಗಳಿಗೊಮ್ಮೆ ಹೀಗೆ ಅಳೆದು ಬರೆದಿಟ್ಟರೆ, ಮೈಲೇಜು ಇಳಿಯತೊಡಗಿದ ಕೂಡಲೇ ದೋಷ ಗೊತ್ತಾಗುತ್ತದೆ. ಒಂದು ಲೀಟರ್ ಹಾಲನ್ನು ಡೈರಿ ಮುಟ್ಟಿಸಲು ಎಷ್ಟು ಪೈಸೆ ತಗಲುತ್ತದೆಂಬುದೂ ಇದರಿಂದ ತಿಳಿಯುತ್ತದೆ. ಹೊಸ ಗಾಡಿಯನ್ನು ಕೊಳ್ಳುವ ಮೊದಲು ಈ ಲೆಕ್ಕ ನಿಮ್ಮ ಕೈಯಲ್ಲಿರಲಿ.