ಮೊಬೈಲು ಒತ್ತಲು ಬಂದರೆ ಸಾಕೇ? ಮಕ್ಕಳಿಗೆ ಜಾಲದ ಒಳಗೂ ಗೊತ್ತಿರಲಿ



"ನಮ್ಮ ಹುಡುಗನಿಗೆ ಮೊಬೈಲಿನಲ್ಲಿ ಬಾರದ್ದೇ ಇಲ್ಲ" ಎಂಬ ಮಾತು ಸಂಘದ ಸಭೆಗಳಲ್ಲಿ ನಮಗೆ ಆಗಾಗ ಕೇಳಿಬರುತ್ತದೆ. ಹೇಳುವಾಗ ತಾಯಿಗೆ ಹೆಮ್ಮೆ. ಅದು ಸುಳ್ಳೂ ಅಲ್ಲ. ಕರೆಂಟ್ ಬಿಲ್ ಕಟ್ಟುವುದು, ಗ್ಯಾಸ್ ಬುಕ್ ಮಾಡುವುದು, ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕುವುದು, ಎಲ್ಲಾ ಈಗ ಎಷ್ಟೋ ಮನೆಗಳಲ್ಲಿ ಮಕ್ಕಳ ಕೈಯಿಂದಲೇ ಆಗುತ್ತದೆ. ಆದರೆ ಒತ್ತಲು ಗೊತ್ತಿರುವುದು ಬೇರೆ, ಒತ್ತಿದ ಮೇಲೆ ಒಳಗೆ ಏನಾಗುತ್ತದೆ ಅಂತ ಗೊತ್ತಿರುವುದು ಬೇರೆ. ಸೈಕಲ್ ಹೊಡೆಯುವವರಿಗೆಲ್ಲ ಚೈನು ಹಾಕಲು ಬರುವುದಿಲ್ಲ. ಚೈನು ತಪ್ಪಿದರೆ ತಳ್ಳಿಕೊಂಡಾದರೂ ಮನೆ ಸೇರಬಹುದು. ಇಲ್ಲಿ ತಪ್ಪಿದರೆ ಖಾತೆಗೆ ಬಂದ ಸಂಘದ ಸಾಲದ ಹಣವೇ ಹೋಗಿಬಿಡಬಹುದು.

"ಅದನ್ನು ಒತ್ತಬೇಡ, ಇದನ್ನು ತೆರೆಯಬೇಡ" ಅಂತ ಮಕ್ಕಳಿಗೆ ಎಷ್ಟು ಹೇಳಿದರೂ ಪ್ರಯೋಜನ ಕಡಿಮೆ. ಮೋಸದ ರೂಪ ತಿಂಗಳಿಗೊಮ್ಮೆ ಬದಲಾಗುತ್ತದೆ, ನಮ್ಮ ಎಚ್ಚರಿಕೆಯ ಮಾತು ಹಳೆಯದಾಗುತ್ತದೆ. ಶಾಲೆಯ ಕಂಪ್ಯೂಟರ್ ಪಾಠದಲ್ಲೇ ಅಂತರ್ಜಾಲ ಹೇಗೆ ಕೆಲಸ ಮಾಡುತ್ತದೆ ಎಂದು ಕೈಯಿಂದ ಮಾಡಿಸಿ ತೋರಿಸಿದರೆ ಅದು ಉಳಿಯುತ್ತದೆ. ಬರೀ ಟೈಪಿಂಗ್ ಮತ್ತು ಚಿತ್ರ ಬಿಡಿಸುವುದಕ್ಕೆ ಕಂಪ್ಯೂಟರ್ ಪೀರಿಯಡ್ಡು ಮುಗಿದುಹೋಗುವುದು ನಮಗೆ ಸರಿ ಕಾಣುವುದಿಲ್ಲ.

ಮೊದಲನೆಯದು, ಮಗುವಿನಿಂದಲೇ ಒಂದು ವೆಬ್ ಪುಟ ಮಾಡಿಸುವುದು. ಇದಕ್ಕೆ ಇಂಟರ್‌ನೆಟ್ ಕೂಡ ಬೇಡ. ಕಂಪ್ಯೂಟರಿನಲ್ಲಿರುವ ನೋಟ್‌ಪ್ಯಾಡ್ ಸಾಕು. ಎಚ್‌ಟಿಎಂಎಲ್ ಎಂಬ ಸರಳ ಗುರುತುಗಳ ಭಾಷೆ ಇದೆ. ಇದು ಶೀರ್ಷಿಕೆ, ಇಲ್ಲಿ ಚಿತ್ರ, ಇಲ್ಲಿ ಗುಂಡಿ ಎಂದು ಅದರಲ್ಲಿ ಗುರುತು ಹಾಕಿದರೆ ಪುಟ ಸಿದ್ಧ. ಹೈಸ್ಕೂಲಿನ ಮಗು ಒಂದೇ ಪೀರಿಯಡ್ಡಿನಲ್ಲಿ ದೊಡ್ಡ ಅಕ್ಷರದ ಶೀರ್ಷಿಕೆ, ಒಂದು ಚಿತ್ರ, ಕೆಳಗೆ "ಇಲ್ಲಿ ಒತ್ತಿ" ಎಂಬ ಹಸಿರು ಗುಂಡಿ ಇರುವ ಪುಟ ಮಾಡಿಬಿಡುತ್ತದೆ. ನೋಡಲು ಸರಕಾರಿ ಪುಟದ ಹಾಗೆಯೇ! "ನಾನೇ ಇಷ್ಟು ಮಾಡಬಲ್ಲೆನಾದರೆ ಮೋಸಗಾರನಿಗೆ ಎಷ್ಟು ಹೊತ್ತು ಬೇಕು?" ಅಂತ ಆ ಮಗುವಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಇದು ಈ ಜಾಲದ ಹುಟ್ಟಿನಲ್ಲೇ ಇರುವ ಗುಣ. 1989ರಲ್ಲಿ ಜಿನೀವಾ ಬಳಿಯ ಸರ್ನ್ ಸಂಶೋಧನಾ ಕೇಂದ್ರದಲ್ಲಿ ಟಿಮ್ ಬರ್ನರ್ಸ್-ಲೀ ಎಂಬುವರು ವೆಬ್ಬಿನ ಯೋಜನೆ ಮುಂದಿಟ್ಟರು. 1993ರಲ್ಲಿ ಆ ಕೇಂದ್ರ ಅದನ್ನು ಎಲ್ಲರಿಗೂ ಉಚಿತವಾಗಿ ಬಿಟ್ಟುಕೊಟ್ಟಿತು. ಯಾರ ಅಪ್ಪಣೆಯೂ ಇಲ್ಲದೆ ಯಾರು ಬೇಕಾದರೂ ಪುಟ ಹಾಕಬಹುದು. ನಮ್ಮ ಸಂಘದ ಉಪ್ಪಿನಕಾಯಿ, ಹಪ್ಪಳಕ್ಕೆ ದೂರದ ಗಿರಾಕಿ ಸಿಗುವುದೂ ಇದರಿಂದಲೇ, ಕಳ್ಳ ಅಂಗಡಿ ತೆರೆಯುವುದೂ ಇದರಿಂದಲೇ.

ಎರಡನೆಯದು ಇನ್ನೂ ಚೆನ್ನಾಗಿದೆ. ಕಂಪ್ಯೂಟರಿನಲ್ಲಿ ಯಾವುದಾದರೂ ಪುಟ ತೆರೆದು, ಅದರ ಮೇಲೆ ಮೌಸಿನ ಬಲಗುಂಡಿ ಒತ್ತಿ 'ಇನ್‌ಸ್ಪೆಕ್ಟ್' ಎಂಬುದನ್ನು ಆರಿಸಿದರೆ ಆ ಪುಟದ ಒಳಗಿನ ಬರಹ ಕಾಣುತ್ತದೆ. ಅಲ್ಲಿ 48 ಅಂಕವನ್ನು 98 ಮಾಡಬಹುದು, ಐನೂರನ್ನು ಐದು ಸಾವಿರ ಮಾಡಬಹುದು. ಪರದೆಯ ಮೇಲೆ ಹಾಗೆಯೇ ಕಾಣುತ್ತದೆ. ಪುಟವನ್ನು ಮತ್ತೊಮ್ಮೆ ತೆರೆದರೆ ಹಳೆಯ ಅಂಕವೇ ಬರುತ್ತದೆ. ಯಾಕೆಂದರೆ ನಿಜವಾದ ಪುಟ ಇರುವುದು ದೂರದ ಸರ್ವರ್ ಎಂಬ ಕಂಪ್ಯೂಟರಿನಲ್ಲಿ. ನಾವು ತಿದ್ದಿದ್ದು ನಮಗೆ ಬಂದ ನಕಲನ್ನು ಮಾತ್ರ. ಆದರೆ ತಿದ್ದಿದಾಗ ತೆಗೆದ ಸ್ಕ್ರೀನ್‌ಶಾಟ್ ಹಾಗೇ ಉಳಿಯುತ್ತದೆ! ಸಂತೆಯಲ್ಲಿ ಯಾರಾದರೂ "ಅಕ್ಕಾ, ದುಡ್ಡು ಹಾಕಿದೀನಿ, ನೋಡಿ" ಅಂತ ಮೊಬೈಲು ತೋರಿಸಿದರೆ ಅದು ಪುರಾವೆಯಲ್ಲ. ನಿಮ್ಮ ಖಾತೆಯಲ್ಲಿ ಹಣ ಬಿದ್ದಿದೆಯೇ ಅಂತ ನೀವೇ ನೋಡಬೇಕು. ಈ ಪಾಠ ಕಲಿತ ಮಗಳು ಮನೆಯಲ್ಲಿದ್ದರೆ ಅವಳೇ ನೋಡಿ ಹೇಳುತ್ತಾಳೆ. ಇದೇ ಪಾಠಕ್ಕೆ ಇನ್ನೊಂದು ಮುಖವೂ ಇದೆ: ಸರ್ವರಿಗೆ ಒಮ್ಮೆ ಹೋದ ಫೋಟೋವನ್ನು ನಮ್ಮ ಮೊಬೈಲಿನಿಂದ ಅಳಿಸಿದ ಮಾತ್ರಕ್ಕೆ ಅದು ಅಳಿಯುವುದಿಲ್ಲ. ಹರೆಯದ ಮಕ್ಕಳಿಗೆ ಇದು ಬೇಗ ತಿಳಿದಷ್ಟೂ ಒಳ್ಳೆಯದು.

ಮೂರನೆಯದು ವಿಳಾಸ ಓದುವುದು. ಕಾಗದದ ಮೇಲಿನ ವಿಳಾಸವನ್ನು ಅಂಚೆಯವರು ಕೆಳಗಿನಿಂದ ನೋಡುತ್ತಾರಲ್ಲ: ಮೊದಲು ಪಿನ್‌ಕೋಡು, ಆಮೇಲೆ ಊರು, ಕೊನೆಗೆ ಮನೆ. ವೆಬ್ ವಿಳಾಸವೂ ಹಾಗೆಯೇ, ಹಿಂದಿನಿಂದ ಓದಬೇಕು. ರಾಜ್ಯದ ವಿದ್ಯಾರ್ಥಿವೇತನದ ತಾಣದ ಹೆಸರು 'ಕರ್ನಾಟಕ ಡಾಟ್ ಗವ್ ಡಾಟ್ ಇನ್' ಎಂದು ಕೊನೆಗೊಳ್ಳುತ್ತದೆ. 'ಗವ್ ಡಾಟ್ ಇನ್' ಸಿಗುವುದು ಸರಕಾರಿ ಸಂಸ್ಥೆಗಳಿಗೆ ಮಾತ್ರ. ಮುಂದೆ ಕರ್ನಾಟಕ, ಸ್ಕಾಲರ್‌ಶಿಪ್ ಅಂತೆಲ್ಲ ಬರೆದು ಕೊನೆಗೆ 'ಡಾಟ್ ಕಾಮ್' ಎಂದಿದ್ದರೆ ಅದು ಯಾರೋ ದುಡ್ಡು ಕೊಟ್ಟು ಪಡೆದ ಹೆಸರು. ವಿಳಾಸದ ಮೊದಲ ಓರೆಗೆರೆ ಬರುವ ತನಕದ ಭಾಗವನ್ನೇ ಹೀಗೆ ನೋಡಬೇಕು, ಅದರ ಆಚೆ ಏನು ಬೇಕಾದರೂ ಬರೆಯಬಹುದು. ಬೀಗದ ಗುರುತು ಇದೆಯಲ್ಲ ಅನ್ನುವವರಿದ್ದಾರೆ. ನಾವು ಕಳಿಸುವ ಮಾಹಿತಿಯನ್ನು ದಾರಿಯಲ್ಲಿ ಮೂರನೆಯವರು ಓದಲಾರರು ಎಂಬುದಷ್ಟೇ ಅದರ ಅರ್ಥ. ಆ ಕಡೆ ಕೂತವನು ಪ್ರಾಮಾಣಿಕನೋ ಅಲ್ಲವೋ, ಬೀಗಕ್ಕೆ ಗೊತ್ತಿಲ್ಲ.

ಇದೆಲ್ಲ ಊರ ಶಾಲೆಯಲ್ಲಿ ಆಗುವ ಮಾತೇ ಎಂದು ಕೇಳಬಹುದು. ಪಕ್ಕದ ಕೇರಳದಲ್ಲಿ ಆಗಿದೆ. 2018ರಲ್ಲಿ ಕಣ್ಣೂರು ಜಿಲ್ಲೆಯ ಸುಮಾರು 150 ಸರಕಾರಿ ಶಾಲೆಗಳಲ್ಲಿ ಸುಳ್ಳು ಸುದ್ದಿ ಗುರುತಿಸುವ ತರಗತಿಗಳನ್ನು ನಡೆಸಿದರು. 2022ರಲ್ಲಿ ಅಲ್ಲಿನ ಸರಕಾರದ ಕೈಟ್ ಸಂಸ್ಥೆ 'ಸತ್ಯಮೇವ ಜಯತೇ' ಎಂಬ ಹೆಸರಿನಲ್ಲಿ 19 ಲಕ್ಷಕ್ಕೂ ಹೆಚ್ಚು ಶಾಲಾ ಮಕ್ಕಳಿಗೆ ಈ ತರಬೇತಿ ಕೊಟ್ಟಿತು.

ನಮ್ಮಲ್ಲಿ ಕೇಳಬೇಕಾದ ಜಾಗ ಎಸ್‌ಡಿಎಂಸಿ ಸಭೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಶಾಲಾ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಪಾಲಕರು, ಅರ್ಧದಷ್ಟು ಮಹಿಳೆಯರು ಇರಬೇಕು. ನಿಮ್ಮಲ್ಲಿ ಎಷ್ಟೋ ಮಂದಿ ಅದರ ಸದಸ್ಯರಾಗಿದ್ದೀರಿ. ಶಾಲೆಯ ಕಂಪ್ಯೂಟರುಗಳು ಕೆಲಸ ಮಾಡುತ್ತಿವೆಯೋ ಅಥವಾ ಬಟ್ಟೆ ಹೊದ್ದು ಕೂತಿವೆಯೋ ಎಂದು ಮುಂದಿನ ಸಭೆಯಲ್ಲಿ ಕೇಳಿ. ಕೀಬೋರ್ಡು ಯಾರ ಕೈಯಲ್ಲಿರುತ್ತದೆ ಎಂಬುದನ್ನೂ ನೋಡಿ. ಹುಡುಗರು ಒತ್ತುತ್ತಾ, ಹುಡುಗಿಯರು ಹಿಂದೆ ನಿಂತು ನೋಡುತ್ತಾ ಇದ್ದರೆ ಅದು ಕಲಿಕೆಯಲ್ಲ.

ಒಂದು ವೇಳೆ ಹಣ ಹೋಗಿಯೇಬಿಟ್ಟರೆ ಮಕ್ಕಳನ್ನು ಬೈಯುತ್ತಾ ಕೂರಬೇಡಿ, ತಕ್ಷಣ 1930ಕ್ಕೆ ಫೋನ್ ಮಾಡಿ. ಬೇಗ ತಿಳಿಸಿದರೆ ಮೋಸಗಾರ ತೆಗೆಯುವ ಮೊದಲೇ ಹಣವನ್ನು ತಡೆಹಿಡಿಯುವ ಅವಕಾಶವಿರುತ್ತದೆ. ಬೈಗುಳಕ್ಕೆ ಹೆದರಿದ ಮಗು ವಿಷಯವನ್ನು ನಿಮಗೆ ಹೇಳುವುದು ಮರುದಿನವೇ.