ಡಿಗ್ರಿ 3 ವರ್ಷ, ಮೊಲ 8 ವರ್ಷ

2016ರಲ್ಲಿ ಮೈಸೂರಿನ ಒಂದು ಪಿಜಿಯಲ್ಲಿ ನಾವು ಮೂವರು ರೂಂಮೇಟ್ಸ್ ದುಡ್ಡು ಹಾಕಿ ಒಂದು ಮೊಲ ತಂದೆವು. ಬಿಳೀ ಮರಿ, ಅಂಗೈಯಲ್ಲಿ ಕೂರುವಷ್ಟಿತ್ತು. ಬೆಣ್ಣೆ ಅಂತ ಹೆಸರಿಟ್ಟೆವು. ನಾನಾಗ ಡಿಗ್ರಿ ಎರಡನೇ ವರ್ಷ. ಅಂಗಡಿಯವರು ಒಂದು ತಂತಿಪಂಜರ, ಅರ್ಧ ಕೆಜಿ ಕಾಳಿನಂಥ ತಿನಿಸು ಕೊಟ್ಟು, "ಕ್ಯಾರೆಟ್ ಹಾಕಿ ಸಾಕು, ಏನೂ ತೊಂದ್ರೆ ಇಲ್ಲ" ಅಂದರು. ಎಷ್ಟು ವರ್ಷ ಬದುಕುತ್ತೆ ಅಂತ ನಾವು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಬೆಣ್ಣೆ ಪಿಜಿಯಲ್ಲಿ ಇದ್ದದ್ದು ಏಳು ವಾರ. ಮೊದಲ ವಾರ ಲ್ಯಾಪ್‌ಟಾಪ್ ಚಾರ್ಜರ್ ಹೋಯ್ತು. ಎರಡನೇ ವಾರ ಒಬ್ಬಳಿಗೆ ಹುಲ್ಲಿನ ಧೂಳಿಗೆ ಸೀನು ಶುರುವಾಯ್ತು, ಆಮೇಲೆ ಉಬ್ಬಸ. ವಾಸನೆ ಬಾಗಿಲಾಚೆ ಹೋಗದಿರಲಿ ಅಂತ ಊದುಬತ್ತಿ ಹಚ್ಚಿದ್ವಿ. ಆ ಹೊಗೆ ಮೊಲದ ಶ್ವಾಸಕೋಶಕ್ಕೆ ಒಳ್ಳೇದಲ್ಲ ಅಂತ ಆಗ ಯಾರಿಗೆ ಗೊತ್ತಿತ್ತು! ಕೊನೆಗೆ ಪಿಜಿ ಆಂಟಿಗೆ ಗೊತ್ತಾಗಿ, "ನೀವಿರಬೇಕಾ, ಅದಿರಬೇಕಾ, ಇವತ್ತೇ ಹೇಳಿ" ಅಂದರು. ಅವರು ಹೇಳಿದ್ದರಲ್ಲಿ ತಪ್ಪೇನಿರಲಿಲ್ಲ. ಸೇರುವಾಗಲೇ ಪ್ರಾಣಿ ಇಟ್ಟುಕೊಳ್ಳೋ ಹಾಗಿಲ್ಲ ಅಂದಿದ್ದರು.

ಮೂವರಲ್ಲಿ ಊರು ಹತ್ತಿರ ಇದ್ದದ್ದು ನನಗೆ. ಶನಿವಾರ ಬೆನ್ನುಚೀಲದಲ್ಲಿ ಬೆಣ್ಣೆಯನ್ನು ಕೂರಿಸಿ, ಜಿಪ್ ಸ್ವಲ್ಪ ತೆರೆದಿಟ್ಟು ಯಳಂದೂರಿಗೆ ಬಸ್ ಹತ್ತಿದೆ. ದಾರಿಯುದ್ದಕ್ಕೂ ಅದು ಮಿಸುಕಾಡಲಿಲ್ಲ. ಎಷ್ಟು ಜಾಣ ಮೊಲ ಅಂದುಕೊಂಡೆ. ಪಶುವೈದ್ಯರೊಬ್ಬರು ವರ್ಷಗಳಾದ ಮೇಲೆ ಹೇಳಿದರು: ಮೊಲ ಬೇಟೆಗೆ ಸಿಗುವ ಪ್ರಾಣಿ, ಜೀವಭಯ ಆದಾಗ ಕಲ್ಲಿನ ಹಾಗೆ ಕೂತುಬಿಡುತ್ತೆ, ಅದು ಸಮಾಧಾನ ಅಲ್ಲ.

"ಎರಡೇ ತಿಂಗಳು ನೋಡ್ಕೊ ಅವ್ವ, ಬೇರೆ ರೂಂ ಮಾಡಿ ಕರ್ಕೊಂಡು ಹೋಗ್ತೀನಿ" ಅಂದೆ. ಡಿಗ್ರಿ 2018ರಲ್ಲಿ ಮುಗಿಯಿತು. ಕೆಲಸ ಬೆಂಗಳೂರಲ್ಲಿ ಸಿಕ್ಕಿತು. ಬೆಣ್ಣೆ ತೀರಿಕೊಂಡದ್ದು 2024ರಲ್ಲಿ, ಯಳಂದೂರಿನ ನಮ್ಮ ಹಿತ್ತಲಿನಲ್ಲಿ, ಅವ್ವನ ಕೈಯಲ್ಲಿ.

ಈ ಲೆಕ್ಕ ಯಾರೂ ಹಾಕಲ್ಲ

ಹಾಸ್ಟೆಲ್ಲಲ್ಲಿ, ಪಿಜಿಯಲ್ಲಿ ಏನಾದರೂ ಸಾಕೋಣ ಅನ್ನಿಸೋದು ತಪ್ಪಲ್ಲ. ಮೊದಲ ಸಲ ಮನೆ ಬಿಟ್ಟಿರ್ತೀವಿ, ರಾತ್ರಿ ಹನ್ನೊಂದಕ್ಕೆ ಫೋನ್ ಕೆಳಗಿಟ್ಟ ಮೇಲೆ ರೂಮು ಬಿಕೋ ಅನ್ನುತ್ತೆ. ನಾಯಿ ದೊಡ್ಡದು, ಬೆಕ್ಕು ಓಡಿಹೋಗುತ್ತೆ, ಹಾಗಾಗಿ "ಚಿಕ್ಕದೇನಾದ್ರೂ" ಅಂತ ಹುಡುಕ್ತೀವಿ. ಗಾತ್ರ ನೋಡ್ತೀವಿ, ಬೆಲೆ ನೋಡ್ತೀವಿ. ನೋಡದೇ ಇರೋದು ಆಯಸ್ಸು.

ಸಾಕುಮೊಲ 8ರಿಂದ 10 ವರ್ಷ ಬದುಕುತ್ತೆ. ಬಜರಿಗಾರ್ ಹಕ್ಕಿ 5ರಿಂದ 8 ವರ್ಷ. ನಾಣ್ಯದಷ್ಟು ಅಗಲ ಇರುವಾಗ ಮಾರುವ ಕೆಂಪುಕಿವಿಯ ಆಮೆ 20–30 ವರ್ಷ ಬದುಕಿ ಊಟದ ತಟ್ಟೆಯಷ್ಟಾಗುತ್ತೆ. ಹ್ಯಾಮ್‌ಸ್ಟರ್ ಎರಡು, ಹೆಚ್ಚೆಂದರೆ ಮೂರು ವರ್ಷ. ಬೆಟ್ಟಾ ಮೀನು ಎರಡರಿಂದ ನಾಲ್ಕು. ಬಿಎಸ್ಸಿ ಮೂರು ವರ್ಷ, ಎಂಜಿನಿಯರಿಂಗ್ ನಾಲ್ಕು. ಇದರ ನಡುವೆ ಬೇಸಿಗೆ ರಜೆ, ದಸರಾ ರಜೆ, ಇಂಟರ್ನ್‌ಶಿಪ್. ಕೋರ್ಸ್ ಮುಗಿದ ಮೇಲೂ ಉಳಿಯುವ ವರ್ಷಗಳು ಯಾರ ಪಾಲಿಗೆ? ನಮ್ಮ ಕಡೆ ಹೆಚ್ಚಾಗಿ ಅವ್ವಂದಿರ ಪಾಲಿಗೆ.

ನಮ್ಮವ್ವ ಪ್ರತಿ ಶಿವರಾತ್ರಿಗೆ ಮಾದಪ್ಪನ ಬೆಟ್ಟಕ್ಕೆ ಹೋಗಿ ಒಂದು ರಾತ್ರಿ ಉಳಿದು ಬರುವವಳು. ಬೆಣ್ಣೆ ಬಂದ ಮೇಲೆ ಎರಡು ವರ್ಷ ಹೋಗಲಿಲ್ಲ. ಕೇಳಿದರೆ "ಮಂಡಿನೋವು ಕನವ್ವ" ಅನ್ನೋಳು. ಮಂಡಿನೋವು ಸುಳ್ಳಲ್ಲ, ಆದರೆ ರಾತ್ರಿ ಮೊಲಕ್ಕೆ ಬೆಕ್ಕಿನ ಕಾಟ ಅಂತ ಪಕ್ಕದ ಮನೆಯವರ ಹತ್ತಿರ ಹೇಳಿದ್ದಳಂತೆ. ನನಗೆ ಅದು ಗೊತ್ತಾಗುವ ಹೊತ್ತಿಗೆ ಮೂರನೇ ಶಿವರಾತ್ರಿ ಬಂದಿತ್ತು. ಆ ವರ್ಷ ರಜೆ ಹಾಕಿ ಊರಿಗೆ ಹೋಗಿ ಮೊಲ ಕಾಯ್ದೆ. ಅವ್ವ ಬೆಟ್ಟಕ್ಕೆ ಹೋಗಿ ಬಂದಳು.

ಅವ್ವ ಕಲಿತದ್ದು

ಪಿಜಿಯಲ್ಲಿ ನಾವು ಕ್ಯಾರೆಟ್ ಹಾಕಿದ್ದೇ ಹಾಕಿದ್ದು. ಕ್ಯಾರೆಟ್ ಮೊಲಕ್ಕೆ ಸಿಹಿತಿಂಡಿ ಇದ್ದ ಹಾಗೆ. ಅದರ ನಿಜವಾದ ಊಟ ಹುಲ್ಲು. ಮೊಲದ ಹಲ್ಲು ಸಾಯೋವರೆಗೂ ಬೆಳೀತಾನೇ ಇರುತ್ತೆ, ನಾರಿನ ಹುಲ್ಲು ಅಗಿದರೇ ಅದು ಸವೆಯೋದು. ಅಂಗಡಿಯ ಕಾಳು ಮಾತ್ರ ತಿಂದ ಮೊಲಕ್ಕೆ ಹಲ್ಲು ಉದ್ದವಾಗಿ ಕೆನ್ನೆಗೆ, ನಾಲಿಗೆಗೆ ಚುಚ್ಚಲು ಶುರುವಾಗುತ್ತೆ. ಆಮೇಲೆ ತಿನ್ನೋದೇ ಬಿಡುತ್ತೆ. ಹನ್ನೆರಡು ಗಂಟೆ ಏನೂ ತಿನ್ನದಿದ್ದರೆ ಅದರ ಕರುಳು ನಿಲ್ಲುವ ಅಪಾಯ ಇದೆ, ಬೆಳಗ್ಗೆ ನೋಡೋಣ ಅನ್ನುವ ಹಾಗಿಲ್ಲ.

ಅವ್ವನಿಗೆ ಇದನ್ನೆಲ್ಲ ಯಾರೂ ಪಾಠ ಮಾಡಲಿಲ್ಲ. ಹಿತ್ತಲಲ್ಲಿ ಬಿಟ್ಟಾಗ ಬೆಣ್ಣೆ ಕ್ಯಾರೆಟ್ ಬಿಟ್ಟು ಗರಿಕೆ ಮೇಯ್ದದ್ದನ್ನ ನೋಡಿದಳು, ಅಷ್ಟೆ. ನಮ್ಮದು ರೇಷ್ಮೆ ಸೀಮೆ. ಹುಳು ಸಾಕುವ ಮನೆಯಿಂದ ದಿನಾ ಒಂದು ಹಿಡಿ ಹಿಪ್ಪುನೇರಳೆ ಸೊಪ್ಪು ಕೇಳಿ ತಂದಳು. ಔಷಧಿ ಹೊಡೆದ ತೋಟದ್ದಾ ಅಂತ ವಿಚಾರಿಸಿಯೇ ತರೋಳು. ಪಂಜರದ ತಂತಿ ತಳದಿಂದ ಬೆಣ್ಣೆಯ ಹಿಂಗಾಲು ಹುಣ್ಣಾಗಿತ್ತು. ಗೋಣಿತಾಟು ಮಡಚಿ ಹಾಸಿದಳು. ಮೊಲಕ್ಕೆ ಚಳಿಗಿಂತ ಸೆಕೆ ಕೆಟ್ಟದ್ದು, 30 ಡಿಗ್ರಿ ದಾಟಿದರೆ ತಡೆಯಲಾರದು. ಏಪ್ರಿಲ್‌ನ ಮಧ್ಯಾಹ್ನ ಹಳೇ ಮಡಕೆಯನ್ನು ಒದ್ದೆ ಮಾಡಿ ಅಡ್ಡ ಮಲಗಿಸಿಟ್ಟರೆ ಅದರೊಳಗೆ ಹೋಗಿ ಕೂರುತ್ತಿತ್ತು. ಶೀಟಿನ ಮಾಳಿಗೆ ಇರುವ ಪಿಜಿ ರೂಮಿನಲ್ಲಿ ನಾವು ಇಡೀ ಬೇಸಿಗೆ ಇಟ್ಟುಕೊಂಡಿದ್ದರೆ ಏನಾಗುತ್ತಿತ್ತೋ!

ಕಾಯಿಲೆಯ ವಿಷಯ ಇನ್ನೂ ಕಷ್ಟ. ಊರ ಕಡೆಯ ಪಶು ಆಸ್ಪತ್ರೆಗಳ ಅನುಭವವೆಲ್ಲ ಹಸು, ಎಮ್ಮೆ, ಕುರಿ, ಮೇಕೆಯದು. 1962ಕ್ಕೆ ಫೋನ್ ಮಾಡಿದರೆ ಬರುವ ಪಶು ಸಂಜೀವಿನಿ ಗಾಡಿ ದನಕರುಗಳಿಗೆ ದೊಡ್ಡ ಆಸರೆ. ಮೊಲ ನೋಡಿ ಅಭ್ಯಾಸ ಇರುವ ವೈದ್ಯರನ್ನು ಮಾತ್ರ ಮೈಸೂರಿನಲ್ಲೇ ಹುಡುಕಬೇಕಾಯ್ತು. ಇಲ್ಲಿ ಎರಡು ಮಾತು ಖಂಡಿತ ನೆನಪಿಡಿ. ನಾಯಿಯ ಉಣ್ಣೆಗೆ ಕತ್ತಿನ ಮೇಲೆ ಬಿಡುವ ಫಿಪ್ರೋನಿಲ್ ಹನಿ ಮೊಲಕ್ಕೆ ವಿಷ. ಮನೆಯಲ್ಲಿ ಮಕ್ಕಳಿಗೆ ಉಳಿದ ಅಮಾಕ್ಸಿಸಿಲಿನ್ ಸಿರಪ್ ಕುಡಿಸಿದರೂ ಅದರ ಕರುಳು ಕೆಟ್ಟು ಸಾಯಬಹುದು. ಮನೆಮದ್ದಿನ ಧೈರ್ಯ ಬೇಡ.

"ಕಾಡಿಗೆ ಬಿಟ್‌ಬಿಡಿ"

ಈ ಸಲಹೆ ಎಷ್ಟು ಜನ ಕೊಟ್ಟರೋ ಲೆಕ್ಕವಿಲ್ಲ. ನಮ್ಮೂರಿಂದ ಬಿಳಿಗಿರಿರಂಗನ ಬೆಟ್ಟ ಕಾಣುತ್ತೆ. "ಅಲ್ಲಿ ಮೊಲ ಇಲ್ವಾ, ಅವುಗಳ ಜೊತೆ ಇರ್ತದ" ಅನ್ನೋರು. ಅಲ್ಲಿರುವ ಕಾಡುಮೊಲ ಬೇರೆಯದೇ ಜೀವ. ಸಾಕುಮೊಲದ ಮೂಲ ಯುರೋಪ್. ಎರಡೂ ಕೂಡಿ ಮರಿ ಹಾಕುವುದಿಲ್ಲ, ಬದುಕುವ ರೀತಿಯೂ ಒಂದಲ್ಲ. ಬಿಳೀ ಮೈಯ ಬೆಣ್ಣೆ ಅಲ್ಲಿ ಒಂದು ರಾತ್ರಿ ಕಳೆಯುತ್ತಿರಲಿಲ್ಲ. 2011ರಿಂದ ಅದು ಹುಲಿ ಸಂರಕ್ಷಿತ ಪ್ರದೇಶ ಕೂಡ, ಸಾಕುಪ್ರಾಣಿ ತಂದು ಬಿಡುವ ಜಾಗ ಅಲ್ಲ. ಆಮೆ, ಮೀನು ಸಾಕಾಯ್ತು ಅಂತ ಸುವರ್ಣಾವತಿಗೋ ಊರ ಕೆರೆಗೋ ಬಿಡುವುದೂ ಹೀಗೇ. ಅಮೆರಿಕ ಮೂಲದ ಕೆಂಪುಕಿವಿಯ ಆಮೆ ಇಲ್ಲಿಯ ಆಮೆಗಳ ಊಟ, ಜಾಗ ಎರಡನ್ನೂ ಕಿತ್ತುಕೊಳ್ಳುತ್ತೆ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿ ಸಾಕಿದ ಪ್ರಾಣಿಯನ್ನು ಹಸಿವಿಗೆ, ಬಾಯಾರಿಕೆಗೆ ಬಿಟ್ಟು ಹೋಗುವುದೇ ಅಪರಾಧ.

ಕಾಡಿನ ಮಾತು ಬಂದಿದ್ದಕ್ಕೆ ಇನ್ನೊಂದು. ಹುಡುಗರು ಹಾಸ್ಟೆಲ್ಲಿಗೆ ಊರ ಕಡೆಯಿಂದ ಗಿಳಿಮರಿ ತರುವುದುಂಟು. ಮರದ ಪೊಟರೆಯಿಂದ ಎತ್ತಿದ ಮರಿ, ಮಾತು ಕಲಿಯುತ್ತೆ ಅಂತ ಆಸೆ. ನಮ್ಮ ಹಸಿರು ಗಿಳಿ, ಮುನಿಯ, ನಕ್ಷತ್ರ ಆಮೆ ಇವೆಲ್ಲ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಬರುತ್ತವೆ. ಹಿಡಿಯುವುದೂ, ಮಾರುವುದೂ, ರೂಮಿನಲ್ಲಿ ಇಟ್ಟುಕೊಳ್ಳುವುದೂ ತಪ್ಪೇ. ಕಾಲೇಜು ಹುಡುಗನ ಮೇಲೆ ಅರಣ್ಯ ಇಲಾಖೆಯ ಕೇಸು ಬಿದ್ದರೆ ಅದು ಪಂಜರದ ಬೆಲೆಗೆ ಮುಗಿಯಲ್ಲ. ಲವ್ ಬರ್ಡ್ಸ್, ಬಜರಿಗಾರ್ ಹೊರದೇಶದ ಮೂಲದವು, ಅವುಗಳ ಮಾತು ಬೇರೆ. ಆದರೆ ಇಗ್ವಾನಾದಂಥ ಕೆಲವು ವಿದೇಶಿ ಪ್ರಾಣಿಗಳನ್ನು ಕೇಂದ್ರದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು ಅನ್ನುವ ನಿಯಮ 2024ರಲ್ಲಿ ಬಂದಿದೆ. ಕೊಳ್ಳುವ ಮುಂಚೆ ಅಂಗಡಿಗೆ ನೋಂದಣಿ ಇದೆಯಾ ಅಂತಲೂ ಕೇಳಿ. 2018ರ ಸಾಕುಪ್ರಾಣಿ ಅಂಗಡಿ ನಿಯಮಗಳ ಪ್ರಕಾರ ಅದು ಕಡ್ಡಾಯ.

ಬಸ್ಸಿನ ವಿಚಾರ ಬಿಡುವಂತಿಲ್ಲ, ಯಾಕಂದ್ರೆ ರಜೆ ಬಂದಾಗಲೆಲ್ಲ ಪ್ರಾಣಿಯೂ ಊರಿಗೆ ಹೊರಡಬೇಕು. 2024ರ ಮಾರ್ಚ್‌ನಲ್ಲಿ ಬೆಂಗಳೂರಿನಿಂದ ಮೈಸೂರಿಗೆ ಹೊರಟ ಕೆಎಸ್‌ಆರ್‌ಟಿಸಿ ಬಸ್ಸಿನಲ್ಲಿ ಅಜ್ಜಿ, ಮೊಮ್ಮಗಳಿಗೆ ಶಕ್ತಿ ಯೋಜನೆಯ ಸೊನ್ನೆ ಟಿಕೆಟ್ ಕೊಟ್ಟ ಕಂಡಕ್ಟರ್, ಜೊತೆಗಿದ್ದ ನಾಲ್ಕು ಲವ್ ಬರ್ಡ್ಸ್‌ಗೆ ತಲಾ 111ರಂತೆ 444 ರೂಪಾಯಿ ಹರಿದುಕೊಟ್ಟದ್ದು ಎಲ್ಲರ ಫೋನಿನಲ್ಲೂ ಓಡಾಡಿತ್ತು. ಜನ ನಕ್ಕರು. ಕಂಡಕ್ಟರ್ ನಡೆದದ್ದು ನಿಯಮದಂತೆಯೇ. ನಾನು ಅವತ್ತು ಬೆಣ್ಣೆಗೆ ಟಿಕೆಟ್ ತಗೊಂಡಿರಲಿಲ್ಲ ಅನ್ನುವುದನ್ನೂ ಇಲ್ಲೇ ಒಪ್ಪಿಕೊಂಡುಬಿಡ್ತೀನಿ.

ಹಾಗಾದರೆ ಏನೂ ಸಾಕಬಾರದಾ? ರೂಂಮೇಟ್ಸ್ ಎಲ್ಲರೂ ಒಪ್ಪಿ, ಪಿಜಿಯವರೂ ಹೂಂ ಅಂದರೆ ನನ್ನ ಓಟು ಒಂದೇ ಒಂದು ಬೆಟ್ಟಾ ಮೀನಿಗೆ. (ಹೆಸರು ಕೇಳಿ ಅವ್ವ "ರಂಗಪ್ಪನ ಬೆಟ್ಟದ್ದಾ?" ಅಂದಿದ್ದಳು. ಅಲ್ಲ, ಥಾಯ್ಲೆಂಡ್ ಕಡೆಯದು.) ಇದು ನೀರಿನ ಮೇಲೆ ಬಂದು ಗಾಳಿಯನ್ನೂ ಉಸಿರಾಡುತ್ತೆ, ಹಾಗಾಗಿ ಗುಳುಗುಳು ಅನ್ನುವ ಪಂಪ್ ಇಲ್ಲದೆಯೂ ನಡೆಯುತ್ತೆ. ಹಾಗಂತ ಲೋಟದಂಥ ಗಾಜಿನ ಬೌಲ್ ಸಾಲದು. ಹದಿನೈದು ಲೀಟರಾದರೂ ಹಿಡಿಯುವ ಮುಚ್ಚಳದ ತೊಟ್ಟಿ ಬೇಕು. ಗಂಡು ಮೀನು ಒಂದೇ ಇರಲಿ, ಎರಡಿದ್ದರೆ ಕಾದಾಡಿ ಸಾಯುತ್ತವೆ. ನಲ್ಲಿ ನೀರಿನ ಕ್ಲೋರಿನ್‌ಗೆ ಅಕ್ವೇರಿಯಂ ಅಂಗಡಿಯ ಹನಿಮದ್ದು ಹಾಕಿ, ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಿಸಿ. ಪೂರ್ತಿ ಚೆಲ್ಲಿ ತೊಳೆದರೆ ಮೀನಿನ ಕೊಳೆಯಿಂದ ಬರುವ ಅಮೋನಿಯಾವನ್ನು ಕರಗಿಸುವ ಬ್ಯಾಕ್ಟೀರಿಯಾನೂ ಹೋಗುತ್ತೆ. ಹೊಸಬರ ಮೀನು ಸಾಯೋದು ಬಹುಪಾಲು ಹೀಗೇ. ದೊಡ್ಡ ಮೀನು ಎರಡು ಮೂರು ದಿನ ಉಪವಾಸ ಇರಬಲ್ಲದು, ಅಂದರೆ ಶನಿವಾರ ಊರಿಗೆ ಹೋಗಿ ಸೋಮವಾರ ಬರಬಹುದು. ತಿಂಗಳ ರಜೆಗೆ ಮಾತ್ರ ಯಾರಾದರೂ ಬೇಕು.

ಕಳೆದ ತಿಂಗಳು ಊರಿಗೆ ಹೋಗಿದ್ದೆ. ಚಿಕ್ಕವ್ವನ ಮಗ ಬಂದಿದ್ದ. ಮೈಸೂರಲ್ಲಿ ಎಂಜಿನಿಯರಿಂಗ್ ಮೊದಲ ವರ್ಷ, ಫೋನಿನಲ್ಲಿ ಹ್ಯಾಮ್‌ಸ್ಟರ್ ವಿಡಿಯೊ ತೋರಿಸಿ, "ದೊಡ್ಡವ್ವ, ಇದನ್ನ ತರ್ಲಾ?" ಅಂದ. ಅವ್ವ ಕನ್ನಡಕ ಹಾಕಿಕೊಂಡು ನೋಡಿದಳು.

"ಎಷ್ಟ್ ವರ್ಸ ಬದುಕ್ತದ ಅದು?"

"ಎರಡು ಎರಡೂವರೆ."

"ನಿನ್ ಓದು?"

"ಇನ್ನೂ ಮೂರೂವರೆ ಇದೆ."

ಅವ್ವ ತಲೆಯಾಡಿಸಿದಳು. ಅವನು ಗೆದ್ದೆ ಅಂದುಕೊಂಡ.

"ರಜದಲ್ಲಿ ಯಾರ್ ನೋಡ್ಕತಾರ?"

ಅವನು ಫೋನ್ ಜೇಬಿಗಿಟ್ಟ. ಯೋಚನೆ ಮಾಡಿ ಹೇಳ್ತೀನಿ ಅಂದವನು ಇನ್ನೂ ಹೇಳಿಲ್ಲ.